ಬಚ್ಚಲಲ್ಲಿ ಜಾರಿ ಬಿದ್ದಳು ಎಂದೆ

ಪ್ರತಿ ಜನವರಿಯಲ್ಲಿ ನಮ್ಮ ಹೈಸ್ಕೂಲಿನ ಮಕ್ಕಳಿಗೆ ರಸ್ತೆ ಸುರಕ್ಷತೆಯ ಪ್ರಮಾಣವಚನ ಬೋಧಿಸುವ ಕೆಲಸ ನನ್ನದಾಗಿತ್ತು. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನನ್ನ ಗಂಟಲು ದೊಡ್ಡದು, ಮೈಕು ಕೆಟ್ಟರೂ ಹಿಂದಿನ ಸಾಲಿನ ತನಕ ಕೇಳುತ್ತದೆ. ಹೆಲ್ಮೆಟ್ಟಿಲ್ಲದೆ ಗಾಡಿ ಓಡಿಸುವುದಿಲ್ಲ, ಹದಿನೆಂಟು ತುಂಬುವ ತನಕ ಗಾಡಿ ಮುಟ್ಟುವುದಿಲ್ಲ, ಗಾಡಿ ನಡೆಸುವಾಗ ಫೋನು ಹಿಡಿಯುವುದಿಲ್ಲ ಎಂದು ನಾನು ಒಂದೊಂದೇ ಸಾಲು ಹೇಳುತ್ತಿದ್ದೆ. ಇನ್ನೂರೈವತ್ತು ಮಕ್ಕಳು ಕೈ ಮುಂದೆ ಚಾಚಿ ಹಾಗೇ ಹೇಳುತ್ತಿದ್ದರು. ಆಮೇಲೆ ಚಪ್ಪಾಳೆ, ಬಿಸ್ಕತ್ತು, ಗುಂಪು ಫೋಟೋ.

ಶಾಲೆ ಇರುವುದು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಯ ಒಂದು ಊರಲ್ಲಿ. ಊರಿನ ಹೆಸರು ಹೇಳುವುದಿಲ್ಲ. ನಮ್ಮ ಮನೆ ಶಹಾಪುರದಲ್ಲಿ. ಮನೆಯಲ್ಲಿ ನಾನು, ಹೆಂಡತಿ, ಒಬ್ಬಳೇ ಮಗಳು. ನಾನು ಹೇಳಹೊರಟಿರುವ ವರ್ಷ ಅವಳು ಹತ್ತನೇ ತರಗತಿಯಲ್ಲಿದ್ದಳು. ಹದಿನಾರು ಇನ್ನೂ ತುಂಬಿರಲಿಲ್ಲ.

ಆ ವರ್ಷದ ದಸರೆಗೆ ಸ್ಕೂಟಿ ತಂದೆ. ಹೆಂಡತಿಗೆಂದು ತಂದದ್ದು. ಅವಳು ಎರಡು ದಿನ ಹತ್ತಿ ನೋಡಿ, "ನನಗ ಅಂಜಿಕಿ ಬರ್ತದ, ಒಲ್ಲೆ" ಎಂದು ಕೈಬಿಟ್ಟಳು. ಮಗಳು ಕೈಬಿಡಲಿಲ್ಲ. ಸಗರದ ಕಡೆ ಹೋಗುವ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿ ನಾನು ಹಿಂದೆ ಕುಳಿತು ಕಲಿಸಿದೆ. ಮೂರನೇ ಭಾನುವಾರಕ್ಕೆ ಕಾಲು ನೆಲಕ್ಕೆ ಊರದೆ ತಿರುವು ತೆಗೆದುಕೊಂಡಳು. ನನ್ನ ಎದೆ ಉಬ್ಬಿತು. ಅದನ್ನು ಮುಚ್ಚಿಡುವುದಿಲ್ಲ. ಗೆಳೆಯರ ಮುಂದೆ, ಓಣಿಯವರ ಮುಂದೆ, ಕಿರಾಣಿ ಅಂಗಡಿಯಲ್ಲಿ ಕೂಡ ಹೇಳಿಕೊಂಡೆ.

"ಲೈಸೆನ್ಸ್ ಇಲ್ಲ ಏನಿಲ್ಲ, ನಾಳೆ ಏನಾದ್ರೂ ಆದ್ರ?" ಎಂದು ಹೆಂಡತಿ ಕೇಳಿದಳು.

"ಹಳ್ಳಿ ರಸ್ತ್ಯಾಗ ಯಾರು ಕೇಳ್ತಾರ ಬಿಡು. ನಾ ಹಿಂದ ಕುಂತಿರ್ತೀನಲ್ಲ" ಎಂದೆ.

"ಸಾಲ್ಯಾಗ ಮಂದಿ ಮಕ್ಕಳಿಗಿ ಏನ್ ಹೇಳ್ತೀರಿ ನೀವು?"

ಅದಕ್ಕೆ ನಾನು ನಕ್ಕೆ. ಉತ್ತರ ಕೊಡಬೇಕು ಅಂತ ಕೂಡ ಅನ್ನಿಸಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಸುರಪುರಕ್ಕೆ ಹೊರಟೆವು. ಅಲ್ಲಿ ರಂಗಂಪೇಟೆಯಲ್ಲಿ ನನ್ನ ಅಕ್ಕನ ಮನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮುಳಗಾಯಿ ಪಲ್ಲೆ ಮಾಡಿಟ್ಟು ಊಟಕ್ಕೆ ಕರೆದಿದ್ದಳು. ಹೆಂಡತಿಗೆ ನೆಗಡಿ, ಬರಲಿಲ್ಲ. ಮಗಳು ಗಾಡಿ ತೆಗೆದಳು, ನಾನು ಹಿಂದೆ ಕುಳಿತೆ. ಇದ್ದದ್ದು ಒಂದೇ ಹೆಲ್ಮೆಟ್ಟು. ಅದು ಮುಂದಿನ ಕೊಕ್ಕೆಗೆ ನೇತಾಡುತ್ತಿತ್ತು. ಸುರಪುರದ ಹತ್ತಿರ ಬಂದಾಗ ಗಾಡಿ ನಾನು ಹಿಡಿಯುವುದು, ಪೊಲೀಸರು ಕಂಡರೆ ಹೆಲ್ಮೆಟ್ಟು ಹಾಕಿಕೊಳ್ಳುವುದು ಎಂದು ಲೆಕ್ಕ ಹಾಕಿದ್ದೆ.

ನಾನು ಪಾಠ ಮಾಡುವ ಊರು ದಾಟಿ ಒಂದು ಕಿಲೋಮೀಟರ್ ಹೋಗಿರಬೇಕು. ಎರಡೂ ಕಡೆ ಹತ್ತಿ ಹೊಲ, ಮನೆಗಳಿಲ್ಲ. ಅಕ್ಕನ ಫೋನು ಬಂತು. ಎಲ್ಲಿದ್ದೀರಿ ಎಂದಳು. ನನಗೆ ಹುರುಪು. "ನಾ ಅಲ್ಲಬೇ, ನಿನ್ನ ಸೊಸಿ ಗಾಡಿ ಹೊಡ್ಯಾಕತ್ತಾಳ. ತಗೋ, ಆಕಿ ಕೂಡ ಮಾತಾಡು" ಎಂದು ಫೋನನ್ನು ಹಿಂದಿನಿಂದ ಮಗಳ ಕಿವಿಗೆ ಹಿಡಿದೆ.

ಮಗಳು, "ಅತ್ತೀ, ಹತ್ತ ನಿಮಿಷದಾಗ ಬರ್ತೀವಿ" ಎಂದು ಕೂಗಿದಳು. ಅಕ್ಕ ಏನೋ ತಮಾಷೆ ಮಾಡಿರಬೇಕು, ಮಗಳು ನಗತೊಡಗಿದಳು. ಎದುರಿಂದ ಹತ್ತಿ ಹೇರಿದ ಲಾರಿ ಬರುತ್ತಿತ್ತು. ಹತ್ತಿಯ ಹೇರು ಎರಡೂ ಬದಿಗೆ ಉಬ್ಬಿ ರಸ್ತೆ ತುಂಬ ತಾನೇ ಎನ್ನುವಂತೆ ಇತ್ತು. ಮಗಳು ಗಾಬರಿಯಾಗಿ ಗಾಡಿಯನ್ನು ಎಡಕ್ಕೆ ಎಳೆದಳು. ಎಡಕ್ಕೆ, ಡಾಂಬರಿನಿಂದ ಕೆಳಗೆ ಮಣ್ಣಿನ ಮೇಲೆ, ತಲೆಯ ಮೇಲೆ ಬುಟ್ಟಿ ಹೊತ್ತು ಒಬ್ಬ ಹೆಂಗಸು ನಮ್ಮತ್ತ ಬೆನ್ನು ಮಾಡಿ ನಡೆಯುತ್ತಿದ್ದಳು. ನಡೆಯಬೇಕಾದ ಜಾಗದಲ್ಲೇ ನಡೆಯುತ್ತಿದ್ದಳು. ಅವಳದು ಎಳ್ಳಷ್ಟೂ ತಪ್ಪಿರಲಿಲ್ಲ.

ಹ್ಯಾಂಡಲು ಅವಳ ಸೊಂಟಕ್ಕೆ ಬಡಿಯಿತು. ಅವಳು ಮುಂದಕ್ಕೆ ಕೈಯೂರಿ ಬಿದ್ದಳು. ನಾವೂ ಬಿದ್ದೆವು. ನನಗೆ ಏನೂ ಆಗಲಿಲ್ಲ. ಮಗಳ ಮೊಣಕಾಲು ತರಚಿತ್ತು. ಅವಳ ತಲೆಯಿಂದ ಗೇಣು ದೂರದಲ್ಲಿ ಹೊಲದ ಬದುವಿನ ಕಲ್ಲು ಇತ್ತು. ಲಾರಿ ನಿಲ್ಲಲಿಲ್ಲ. ನಿಲ್ಲುವ ಕಾರಣವೂ ಅದಕ್ಕಿರಲಿಲ್ಲ, ಅದು ಯಾರಿಗೂ ತಾಕಿರಲಿಲ್ಲ.

ಹೆಂಗಸು ಮಗ್ಗುಲಾದಾಗ ಮುಖ ಕಂಡಿತು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಮಕ್ಕಳೆಲ್ಲ ಆಯಿ ಎಂದು ಕರೆಯುತ್ತಿದ್ದರು, ನಾನು ಅಕ್ಕ ಅನ್ನುತ್ತಿದ್ದೆ. ಐವತ್ತರ ಆಚೀಚೆ ವಯಸ್ಸು. ಗಂಡ ಬಿಟ್ಟ ಮೇಲೆ ತವರಿಗೆ ಬಂದು, ಕಣ್ಣು ಕಾಣದ ತಾಯಿಯೊಂದಿಗೆ ಇದ್ದವಳು. ಹತ್ತು ವರ್ಷದಿಂದ ಅವಳ ಕೈಯ ಸಾರು ಉಂಡಿದ್ದೆ. ಊರಿನ ಗಿರಣಿ ಕೆಟ್ಟಿದೆ ಎಂದು ಮುಂದಿನ ಊರಿನ ಗಿರಣಿಗೆ ಜೋಳ ಬೀಸಿಸಿಕೊಂಡು ಬರಲು ಹೊರಟಿದ್ದಳು. ಬುಟ್ಟಿಯ ಜೋಳವೆಲ್ಲ ರಸ್ತೆಗೆ ಚೆಲ್ಲಿತ್ತು.

"ಸರ, ನೀವ ಏನ್ರಿ?" ಎಂದಳು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಾಗಿ ನಿಂತಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು, ಅಳದೆ, ನನ್ನನ್ನೂ ಮಗಳನ್ನೂ ನೋಡುತ್ತಿದ್ದಳು. "ಹುಡುಗಿಗೇನೂ ಆಗಿಲ್ಲಲ್ರಿ?"

ಮಗಳು ಕುಕ್ಕರಗಾಲಲ್ಲಿ ಕುಳಿತು ಡಾಂಬರಿನ ಮೇಲಿನ ಜೋಳವನ್ನು ಬೊಗಸೆಯಲ್ಲಿ ಬಳಿದು ಬುಟ್ಟಿಗೆ ತುಂಬತೊಡಗಿದಳು. ಬಿಕ್ಕುತ್ತಿದ್ದಳು. ಜೋಳದೊಂದಿಗೆ ಹರಳು, ಮಣ್ಣು ಎಲ್ಲ ಬರುತ್ತಿತ್ತು. ನಾನು ಬೇಡ ಎಂದರೂ ಬಿಡಲಿಲ್ಲ.

ಖಾಲಿ ಟಂಟಂ ಆಟೋ ಒಂದು ಶಹಾಪುರದ ಕಡೆ ಹೊರಟಿತ್ತು. ಕೈ ಮಾಡಿ ನಿಲ್ಲಿಸಿದೆ. ಸ್ಕೂಟಿಯನ್ನು ಹೊಲದ ಬೇಲಿಗೆ ಒರಗಿಸಿ ಮೂವರೂ ಹತ್ತಿದೆವು. ಡ್ರೈವರನಿಗೆ ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ನಾನು ಅಡುಗೆಯವಳಿಗೆ ನೀರು ಬೇಕೇ ಎಂದು ಕೇಳಲಿಲ್ಲ. ನೋವು ಎಷ್ಟಿದೆ ಎಂದು ಕೇಳಲಿಲ್ಲ. ಕೇಳಿದ್ದು ಬೇರೆ.

"ಯಕ್ಕಾ, ನನ್ನ ಮಗಳದು ಎಸ್ಸೆಸ್ಸೆಲ್ಸಿ. ಮೂರ ತಿಂಗಳಿಗಿ ಪರೀಕ್ಷಾ ಅದ. ಕೇಸು ಅಂತ ಆದ್ರ ಹುಡುಗಿ ಜೀವನ ಹಾಳಾಗ್ತದ. ನಂದು ನೌಕರಿ ಅದ. ನೀ ಒಂದ್ ಮಾತು ನಡಸಿ ಕೊಡು. ನಿನ್ನ ಔಷಧ ನಂದು, ನಿನ್ನ ಕೆಲಸಕ್ಕ ಧಕ್ಕಿ ಬರದಂಗ ನಾ ನೋಡ್ಕೋತೀನಿ. ನನ್ನ ಮ್ಯಾಲ ಬಿಡು."

ಅವಳು ಸೊಟ್ಟಾದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಏನಂತ ಹೇಳಲ್ರಿ?" ಎಂದಳು.

ಅಷ್ಟರಲ್ಲಿ ದವಾಖಾನೆ ಬಂತು. ಡಾಕ್ಟರು ಕೈ ನೋಡಿ, ಹೇಗಾಯಿತು ಎಂದು ಅವಳನ್ನು ಕೇಳಿದರು. ಅವಳನ್ನೇ ಕೇಳಿದ್ದು. ಅವಳು ಬಾಯಿ ತೆರೆಯುವ ಮೊದಲೇ ನಾನು, ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳುವ ಆ ಗಂಟಲಲ್ಲಿ, "ಬಚ್ಚಲದಾಗ ಜಾರಿ ಬಿದ್ದಾಳ್ರಿ" ಎಂದೆ.

ಡಾಕ್ಟರು ಅವಳ ಮುಖ ನೋಡಿದರು. "ಹೌದೇನವ್ವಾ?"

"ಹೌದ್ರಿ" ಎಂದಳು.

ಅವರು ಬರೆದುಕೊಂಡರು. ನನ್ನ ಮಗಳ ಮೊಣಕಾಲಿನ ರಕ್ತ ಕಂಡು, "ಈಕಿಗೇನಾಗ್ಯದ?" ಎಂದರು.

"ಆಡಾಕ ಹೋಗಿ ಬಿದ್ದಾಳ್ರಿ" ಎಂದೆ. ಹದಿನೈದು ವರ್ಷದ ಹುಡುಗಿ, ಮಡಿಲಲ್ಲಿ ಮಣ್ಣು ಬೆರೆತ ಜೋಳದ ಬುಟ್ಟಿ ಇಟ್ಟುಕೊಂಡು ಬಾಕಿನ ಮೇಲೆ ಕುಳಿತವಳು, ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಇವತ್ತಿಗೂ ಯಾರಿಗೂ ವಿವರಿಸಿಲ್ಲ. ವಿವರಿಸಲು ಬರುವುದಿಲ್ಲ. ನನ್ನನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು.

ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮಗಳ ಮೊಣಕಾಲಿಗೆ ಅರಿಶಿಣ ಹಚ್ಚುತ್ತ, ನನ್ನತ್ತ ತಿರುಗದೆ, "ಆಕಿ ಮುಂದ ಸುಳ್ಳ ಹೇಳೀರಲ್ಲ, ಇನ್ನ ಆಕಿಗಿ ಏನಂತ ಬುದ್ಧಿ ಹೇಳ್ತೀರಿ?" ಎಂದಳು. ಅಷ್ಟೇ. ಅಂದಿನಿಂದ ಮಗಳು ಸ್ಕೂಟಿಯ ಹತ್ತಿರ ಸುಳಿಯಲಿಲ್ಲ. ಟ್ಯೂಷನ್ನಿಗೆ ನಡೆದು ಹೋದಳು. ನನ್ನೊಂದಿಗೆ ಬೇಕಾದಷ್ಟೇ ಮಾತು. ಪರೀಕ್ಷೆಯ ಒತ್ತಡ ಎಂದು ನನಗೆ ನಾನೇ ಹೇಳಿಕೊಂಡೆ.

ಶಾಲೆಯಲ್ಲಿ ಇನ್ನೊಂದು ಸುಳ್ಳು ಬೇಕಾಯಿತು. ಆಯಿ ಯಾಕೆ ಬಂದಿಲ್ಲ ಎಂದು ಹೆಡ್ ಮಾಸ್ತರರು ಕೇಳಿದಾಗ, ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಾಳೆ, ಭಾನುವಾರ ಆ ಕಡೆ ಹೊರಟಿದ್ದೆ, ಗೊತ್ತಾಗಿ ನಾನೇ ದವಾಖಾನೆಗೆ ಒಯ್ದೆ ಎಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೆಚ್ಚಿದರು. "ಈಗಿನ ಕಾಲದಾಗ ಯಾರ್ ಮಾಡ್ತಾರ್ರಿ ಇಷ್ಟ" ಎಂದರು ವಿಜ್ಞಾನದ ಟೀಚರು. ನಾನು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ.

ಅಡುಗೆಗೆ ಇದ್ದವರು ಇಬ್ಬರು. ಒಬ್ಬಳಿಂದ ಅಷ್ಟು ಮಕ್ಕಳ ಊಟ ಸಾಗಲಿಲ್ಲ. ಅನ್ನ ಒಂದು ದಿನ ಹಸಿ, ಒಂದು ದಿನ ಮುದ್ದೆ. ಮೂರು ವಾರ ಕಳೆದ ಮೇಲೆ ಶಾಲಾ ಸಮಿತಿಯ ಸಭೆ ಕರೆದರು. ಸಭೆಯ ನಡಾವಳಿ ಬರೆಯುವುದು ಪ್ರತಿ ಸಲದಂತೆ ನಾನೇ. ಅದೇ ಹೊತ್ತಿಗೆ ಅವಳೂ ಬಂದಳು. ಬಲಗೈಗೆ ಪ್ಲಾಸ್ಟರು, ಅದರ ಮೇಲೆ ಸೆರಗು ಹೊದ್ದು, ಬಾಗಿಲ ಹೊರಗೆ ನಿಂತಳು.

"ಇನ್ನೊಂದು ತಿಂಗಳು ತಡೀರಿ ಸರ. ಕೈ ಕೂಡತೈತಿ ಅಂದಾರ ಡಾಕ್ಟರು. ಅಲ್ಲೀತನಕ ಎಡಗೈಲೆ ಆದಷ್ಟು ಮಾಡ್ತೀನಿ" ಎಂದು ಹೆಡ್ ಮಾಸ್ತರರಿಗೆ ಹೇಳಿದಳು.

ಸಮಿತಿಯ ಅಧ್ಯಕ್ಷರು ಊರಿನ ರೈತರು, ಒಳ್ಳೆಯ ಮನುಷ್ಯರೇ. ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಹಂಗಲ್ಲವಾ. ನಿನ್ನ ಮನಿ ಬಚ್ಚಲದಾಗ ನಿನಗ ನಿಂದ್ರಾಕ ಆಗಲಿಲ್ಲ. ವಯಸ್ಸಾತು, ತಲಿ ತಿರಗ್ತೈತೋ ಏನೋ. ನಾಳೆ ಕುದಿಯೋ ಸಾರಿನ ಹಂಡೇದ ಮುಂದ ಹಿಂಗ ಜೋಲಿ ತಪ್ಪಿದ್ರ? ಸುತ್ತ ಹುಡುಗ್ರು ನಿಂತಿರ್ತಾವ. ಯಾರು ಜವಾಬ್ದಾರಿ?"

ಹೆಡ್ ಮಾಸ್ತರರು ನನ್ನತ್ತ ತಿರುಗಿದರು. "ನೀವ ಒಯ್ದಿದ್ರಲ್ರಿ ದವಾಖಾನಿಗಿ. ಹೆಂಗಾಗಿತ್ತು?"

ಅವಳೂ ನನ್ನತ್ತ ನೋಡಿದಳು. ಬೇಡಿಕೊಳ್ಳುವ ನೋಟ ಅಲ್ಲ. ಈಗ ಇವರು ಹೇಳುತ್ತಾರೆ ಎಂದು ಕಾಯುವ ನೋಟ. ಟಂಟಂನಲ್ಲಿ ನಾನು ಕೊಟ್ಟ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು.

"ಹೌದ್ರಿ, ಬಚ್ಚಲದಾಗ ಬಿದ್ದಾಳ್ರಿ" ಎಂದೆ.

ನಿಜ ಏನೆಂದು ಅವಳು ಒಂದೇ ಮಾತಲ್ಲಿ ಹೇಳಿ ನನ್ನನ್ನು ಅಲ್ಲೇ ಮುಗಿಸಬಹುದಿತ್ತು. ಹೇಳಲಿಲ್ಲ. "ಆತ್ರಿ" ಎಂದು ತಿರುಗಿ ಹೋದಳು. ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವ ಠರಾವನ್ನು ನಾನು ನನ್ನ ದುಂಡು ಅಕ್ಷರದಲ್ಲಿ, ಕಾಗುಣಿತ ತಪ್ಪದೆ, ಅಡಿಗೆರೆ ಎಳೆದು ಬರೆದೆ. ಎಲ್ಲರೂ ಸಹಿ ಮಾಡಿದರು. ಕೊನೆಗೆ ನಾನೂ.

ಜನವರಿ ಬಂತು. ಅತಿಥಿಗಳು ಬಂದರು, ಶಾಮಿಯಾನ ಹಾಕಿದೆವು. ನನ್ನನ್ನು ಪ್ರಮಾಣವಚನಕ್ಕೆ ಕರೆದರು. ಗಂಟಲು ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬೇರೆಯವರಿಗೆ ಅನುಮಾನ ಬಂದೀತು ಎಂದು ಹೋಗಿ ನಿಂತೆ. "ಗಾಡಿ ನಡೆಸುವಾಗ ಫೋನು ಹಿಡಿಯುವುದಿಲ್ಲ" ಎಂಬ ಸಾಲು ಬಂತು. ನನ್ನ ದನಿ ನಡುಗಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ನಡುಗಲಿಲ್ಲ. ಎಂದಿನಂತೆ ಗಟ್ಟಿಯಾಗಿ ಹೇಳಿದೆ, ಮಕ್ಕಳು ಎಂದಿನಂತೆ ಹೇಳಿದರು. ನನಗೆ ಈಗಲೂ ಹೆಚ್ಚು ನಾಚಿಕೆ ತರುವುದು ಅದೇ. ಇಷ್ಟೆಲ್ಲ ಆದ ಮೇಲೂ ನನ್ನ ನಾಲಗೆ ತೊದಲಲಿಲ್ಲ.

ಫೆಬ್ರುವರಿಯಲ್ಲಿ ಟ್ಯೂಷನ್ ಮಾಸ್ತರು ಫೋನು ಮಾಡಿದರು. ನಿಮ್ಮ ಮಗಳು ಮೂರು ಭಾನುವಾರದಿಂದ ಬಂದಿಲ್ಲ, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಪುಸ್ತಕದ ಚೀಲ ಹಾಕಿಕೊಂಡು ಹೊರಟವಳು ಮಧ್ಯಾಹ್ನ ಬರುತ್ತಿದ್ದಳು. ನನ್ನ ತಲೆಯಲ್ಲಿ ಏನೇನೋ ಓಡಿತು. ಮುಂದಿನ ಭಾನುವಾರ ಅವಳ ಹಿಂದೆ ಹೋದೆ. ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಸುರಪುರದ ಬಸ್ಸು ಹತ್ತಿದಳು. ಅದರ ಹಿಂದೆಯೇ ಬಂದ ಇನ್ನೊಂದು ಬಸ್ಸು ನಾನು ಹತ್ತಿದೆ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ನನಗೆ ತಟ್ಟನೆ ಹೊಳೆಯಿತು. ನಮ್ಮ ಶಾಲೆಯ ಊರಿಗೇ ಟಿಕೆಟು ತೆಗೆದೆ.

ಅಡುಗೆಯವಳ ಮನೆ ಊರಿನ ಕೊನೆಯ ಓಣಿಯಲ್ಲಿ. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಆ ಓಣಿಗೆ ಹೋದವನಲ್ಲ. ಕೇಳುತ್ತ ಹೋದೆ. ಒಂದೇ ಕೋಣೆಯ ಮನೆ, ಮೇಲೆ ತಗಡು. ಬಾಗಿಲ ಪಕ್ಕದಲ್ಲಿ ಒಲೆ. ಒಲೆಯ ಮುಂದೆ ನನ್ನ ಮಗಳು ಕುಳಿತು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ದುಂಡಗೆ ಬರುತ್ತಿರಲಿಲ್ಲ, ಅಂಚು ಒಡೆಯುತ್ತಿತ್ತು. ಪಕ್ಕದಲ್ಲಿ ಅಡುಗೆಯವಳು ಕುಳಿತು, "ನೀರ ಹಚ್ಚು. ಹಂಗಲ್ಲ, ಅಂಗೈಲೆ" ಎಂದು ಹೇಳಿಕೊಡುತ್ತಿದ್ದಳು. ಪ್ಲಾಸ್ಟರು ತೆಗೆದಿದ್ದರು. ಆದರೆ ಮಣಿಕಟ್ಟು ಒಂದು ಕಡೆ ಉಬ್ಬಿ ನಿಂತಿತ್ತು, ಬೆರಳು ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುವ ಕೈ ಅದು.

ನನ್ನನ್ನು ಮೊದಲು ಕಂಡವಳು ಅವಳೇ. ಎದ್ದು ನಿಂತಳು. "ಬರ್ರಿ ಸರ, ಕೂಡ್ರಿ."

ಮಗಳು ತಿರುಗಿ ನೋಡಿ, ಮತ್ತೆ ಒಲೆಯತ್ತ ಮುಖ ಮಾಡಿದಳು.

ಗೋಡೆಗೊರಗಿ ಕುಳಿತ ಮುದುಕಿ, ಅಡುಗೆಯವಳ ತಾಯಿ, ಗಾಳಿಗೆ ಕಿವಿ ಕೊಟ್ಟಂತೆ ತಲೆ ಎತ್ತಿ, "ಯಾರ್ ಬಂದಾರ?" ಎಂದಳು.

"ನಮ್ಮಪ್ಪ" ಎಂದಳು ಮಗಳು.

"ಹಾಂ. ಬಚ್ಚಲದ ಮಾಸ್ತರ?" ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಕುತೂಹಲ ಇದ್ದಂತಿತ್ತು. "ಬಂದದ್ದು ಚಲೋ ಆತು ನೋಡ್ರಿ. ನಮ್ಮ ಮನ್ಯಾಗ ಬಚ್ಚಲಾ ಎಲ್ಲೈತಿ, ಸ್ವಲ್ಪ ತೋರಸ್ರಿ. ಅರವತ್ತು ವರ್ಷ ಆತು ನಾ ಈ ಮನಿಗಿ ಬಂದು, ನನಗಂತೂ ಸಿಕ್ಕಿಲ್ಲ."

ನಾನು ನೋಡಿದೆ. ನೋಡುವುದಕ್ಕೆ ಏನಿತ್ತು! ಒಂದು ಕೋಣೆ. ಹಿಂದುಗಡೆ ನಾಲ್ಕು ಕೋಲು ನೆಟ್ಟು ಹಳೆಯ ಸೀರೆ ಕಟ್ಟಿದ ಮರೆ, ಕೆಳಗೆ ಬರೀ ಮಣ್ಣು. ಜಾರಿ ಬೀಳಲು ಒಂದು ಬಂಡೆಯೂ ಇಲ್ಲ. ಬಚ್ಚಲು ಎಂದು ನನ್ನ ಬಾಯಲ್ಲಿ ಬಂದದ್ದು ನನ್ನ ಮನೆಯ ಬಚ್ಚಲು. ಹತ್ತು ವರ್ಷ ಅವಳ ಕೈಯಲ್ಲಿ ಉಂಡು, ಅವಳು ಎಲ್ಲಿ ಸ್ನಾನ ಮಾಡುತ್ತಾಳೆ ಎಂಬುದು ಗೊತ್ತಿಲ್ಲದೆಯೇ ಅವಳ ಹೆಸರಲ್ಲಿ ಸುಳ್ಳು ಕಟ್ಟಿದ್ದೆ. ಅವಳು ಆ ಇಲ್ಲದ ಬಚ್ಚಲಿಗೂ ಹೌದು ಎಂದಿದ್ದಳು.

"ಅವ್ವಾ, ಸುಮ್ಮ ಕೂಡು" ಎಂದಳು ಅಡುಗೆಯವಳು. ನನಗೆ ತಂಬಿಗೆಯಲ್ಲಿ ನೀರು ಕೊಟ್ಟಳು, ಎಡಗೈಯಲ್ಲಿ. ಎಡಗೈಯಲ್ಲಿ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡಿ ಎಂದೂ ಹೇಳಿದಳು.

ನಾನು ಏನಾದರೂ ಹೇಳಬೇಕಿತ್ತು. "ಯಕ್ಕಾ, ನನ್ನಿಂದ ತಪ್ಪಾಗ್ಯದ" ಎಂದೆ.

"ನಾ ಯಾರ ಮುಂದೂ ಏನೂ ಅಂದಿಲ್ರಿ ಸರ. ನಿಮ್ಮ ಮಾತು ನಾ ನಡಸೀನಿ" ಎಂದಳು. ಒಲೆಯ ಕಟ್ಟಿಗೆ ಮುಂದಕ್ಕೆ ನೂಕಿ, "ನೀವು ನಿಮ್ಮ ಮಾತು ನಡಸಲಿಲ್ಲ" ಎಂದಳು.

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಮಗಳು ರೊಟ್ಟಿ ತಿರುವಿ ಹಾಕಿದಳು. ನಾನು ನೀರು ಕುಡಿದು ತಂಬಿಗೆ ಕೆಳಗಿಟ್ಟೆ.

ಮಗಳು ಅಲ್ಲಿಗೆ ಹೇಗೆ ಬಂದಳೆಂದು ಆಮೇಲೆ ತಿಳಿಯಿತು. ನನ್ನ ಹೆಂಡತಿಗೆ ಮಾತ್ರ ಹೇಳಿ ಒಬ್ಬಳೇ ಬಂದು, "ಗಾಡಿ ನಡೆಸಿದಾಕಿ ನಾನು" ಎಂದು ತಾಯಿ ಮಗಳಿಬ್ಬರ ಮುಂದೆ ನಿಂತಿದ್ದಳಂತೆ. ಅಡುಗೆಯವಳು, "ನನಗ ಗೊತ್ತೈತಿ, ಕಣ್ಣಿಲ್ಲೇನು ನನಗ? ಕೂಡು, ಉಂಡಿ ಏನು?" ಎಂದಿದ್ದಳಂತೆ. ರೊಟ್ಟಿ ಮಾಡಲು ಕೈ ನಡೆಯುವುದಿಲ್ಲ, ಪಕ್ಕದ ಮನೆಯವರು ಕೊಟ್ಟಾಗ ಉಣ್ಣುತ್ತಾರೆ ಎಂದು ಗೊತ್ತಾಗಿ, ಭಾನುವಾರ ಬಂದು ಮೂರು ನಾಲ್ಕು ದಿನಕ್ಕಾಗುವಷ್ಟು ಒಣ ಕಟಕ ರೊಟ್ಟಿ ಮಾಡಿಟ್ಟು ಹೋಗುತ್ತಿದ್ದಳು.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಮಗಳು ಹೇಳಿದಳು, "ಅಪ್ಪಾ, ಪರೀಕ್ಷಾ ಮುಗದ ಮ್ಯಾಲ ನಾನ ಪೊಲೀಸ್ ಠಾಣೆಕ್ಕ ಹೋಗ್ತೀನಿ. ನೀ ಬರಬ್ಯಾಡ. ನೀ ಬಂದ್ರ ಮತ್ತೇನರ ಹೇಳ್ತಿ."

ನೀನು ಬಂದರೆ ಮತ್ತೇನಾದರೂ ಹೇಳುತ್ತೀ. ಹೆತ್ತ ಮಗಳು ನನ್ನ ಬಗ್ಗೆ ತಿಳಿದುಕೊಂಡದ್ದು ಅಷ್ಟು. ಆದ್ದರಿಂದ ಮುಂದೆ ನಾನು ಮಾಡಿದ್ದನ್ನು ನನ್ನ ದೊಡ್ಡತನ ಎಂದು ಯಾರೂ ತಿಳಿಯಬಾರದು. ನನ್ನ ಮನಸ್ಸಾಕ್ಷಿ ಎಚ್ಚರವಾಗಿ ನಾನು ಹೋದದ್ದಲ್ಲ. ಅವಳು ನನಗಿಂತ ಮೊದಲು ಹೋಗಿಬಿಟ್ಟರೆ ಎಂಬ ಭಯಕ್ಕೆ ಹೋದದ್ದು.

ಸೋಮವಾರ ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು, "ಆಗಿದ್ದು ಆಗಿಹೋತು. ಆಕಿನ ಸುಮ್ಮ ಇದ್ದಾಳ. ನೀವ್ಯಾಕ ಎದಿ ಮ್ಯಾಲ ಕಲ್ಲು ಎಳಕೋತೀರಿ?" ಎಂದರು. ಒಂದು ಕ್ಷಣ ಆ ಮಾತು ಹಿತವಾಗಿಯೇ ಇತ್ತು. ಆದರೂ ಸಮಿತಿಯ ಸಭೆ ಕರೆಯಲು ಕೇಳಿಕೊಂಡೆ. ಸಭೆಯಲ್ಲಿ ನಿಂತು, ಬಚ್ಚಲು ಸುಳ್ಳು, ಗಾಡಿ ನನ್ನದು, ಓಡಿಸಿದವಳು ನನ್ನ ಮಗಳು, ಓಡಿಸಲು ಕೊಟ್ಟವನು ನಾನು, ಓಡುವ ಗಾಡಿಯಲ್ಲಿ ಅವಳ ಕಿವಿಗೆ ಫೋನು ಹಿಡಿದವನೂ ನಾನು ಎಂದು ಹೇಳಿದೆ. ಇದಕ್ಕೆ ನನ್ನ ದನಿ ಏಳಲಿಲ್ಲ. ಅಧ್ಯಕ್ಷರು ಎರಡು ಸಲ, "ಕೇಳಸ್ಲಿಲ್ಲ, ಜೋರಾಗಿ ಹೇಳ್ರಿ" ಅಂದರು. ಎರಡು ಸಲವೂ ಮೊದಲಿಂದ ಹೇಳಬೇಕಾಯಿತು. ಒಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಆ ಹೆಣ್ಮಗಳ ಬಾಯಿ ಮುಚ್ಚಿಸಿ, ನಮ್ಮ ಕೈಲೆ ಆಕಿನ್ನ ಹೊರಗ ಹಾಕ್ಸಿದ್ರಲ್ರಿ ಮಾಸ್ತರ" ಎಂದರು. ಇಂದಿಗೂ ಅವರು ನನ್ನನ್ನು ಕಂಡರೆ ನಮಸ್ಕಾರ ಮಾಡುವುದಿಲ್ಲ.

ಠಾಣೆಗೂ ಹೋದೆ. ಹೇಳಿದ್ದನ್ನು ಬರೆದುಕೊಂಡರು, ದವಾಖಾನೆಯ ಕಾಗದ ತರಿಸಿದರು, ಅಡುಗೆಯವಳ ಹೇಳಿಕೆ ಪಡೆದರು. ಅಪ್ರಾಪ್ತರು ಗಾಡಿ ಓಡಿಸಿದರೆ ಹೊಣೆ ತಂದೆತಾಯಿಯದು ಎಂಬ ಕಾನೂನನ್ನು ನಾನು ಎಷ್ಟೋ ಜನವರಿಯಲ್ಲಿ ಓದಿ ಹೇಳಿದ್ದೆ. ಈಗ ಕೋರ್ಟಿನ ಕಟಕಟೆಯಲ್ಲಿ ನಿಂತು ಅದನ್ನೇ ಕೇಳಿಸಿಕೊಂಡೆ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಯಿತು, ದಂಡವಾಯಿತು, ಇಲಾಖೆಯಿಂದ ನೋಟಿಸು ಬಂತು. ಯಾದಗಿರಿಗೆ ಹಲವು ಸಲ ತಿರುಗಿದೆ. ಮೇಲಧಿಕಾರಿಗಳ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುವಾಗ ನನ್ನ ಹಳೆಯ ವಿದ್ಯಾರ್ಥಿಗಳು, ಈಗ ಅಲ್ಲೇ ಗುಮಾಸ್ತರಾಗಿರುವವರು, "ಏನ್ ಸರ, ಇಲ್ಲಿ?" ಎಂದು ಮಾತಾಡಿಸುತ್ತಿದ್ದರು. ಪ್ರತಿ ಸಲ ಹೇಳಿದೆ. ಹೇಳುವುದು ಹತ್ತನೇ ಸಲಕ್ಕೂ ಹಗುರಾಗಲಿಲ್ಲ.

ಮಗಳು ಪರೀಕ್ಷೆ ಬರೆದಳು, ಪಾಸಾದಳು. ಕೇಸಿನಿಂದ ಅವಳ ಜೀವನ ಹಾಳಾಗಲಿಲ್ಲ. ಹಾಳಾಗುತ್ತದೆ ಎಂದು ಹೇಳಿ ನಾನು ಕಾಪಾಡಿಕೊಂಡದ್ದು ನನ್ನ ಮುಖವನ್ನು.

ಅಡುಗೆಯವಳ ಕೆಲಸ ತಕ್ಷಣ ಮರಳಲಿಲ್ಲ. ಅವಳ ಜಾಗಕ್ಕೆ ಬಂದವಳೂ ಬಡವಿ, ಅವಳನ್ನು ತೆಗೆಯಿರಿ ಎಂದು ಯಾರು ಹೇಳಬೇಕು? ಜೂನಿನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಾಗಿ ಮೂರನೆಯವರು ಬೇಕಾದಾಗ ಸಮಿತಿ ಅವಳನ್ನೇ ಕರೆಯಿತು. ಬಂದಳು. ಹಂಡೆ ಎತ್ತಲು ಆಗುವುದಿಲ್ಲ, ಸೌಟು ಗಟ್ಟಿಯಾಗಿ ಹಿಡಿಯಲು ಆಗುವುದಿಲ್ಲ. ಕಾಯಿಪಲ್ಲೆ ಹೆಚ್ಚುತ್ತಾಳೆ, ಅಕ್ಕಿ ಆರಿಸುತ್ತಾಳೆ. ನನ್ನನ್ನು ಕಂಡರೆ "ಸರ" ಎನ್ನುತ್ತಾಳೆ, ತಟ್ಟೆಗೆ ಮೊದಲಿನಂತೆಯೇ ಬಡಿಸುತ್ತಾಳೆ. ಚಳಿಯ ದಿನಗಳಲ್ಲಿ ಒಲೆಯ ಹತ್ತಿರ ಕೈ ಹಿಡಿದು ಕಾಸಿಕೊಳ್ಳುವುದನ್ನು ನಾನು ಕಿಟಕಿಯಿಂದ ನೋಡುತ್ತೇನೆ. ಆ ಕಿಟಕಿಯ ಬದಿಯೇ ನನ್ನ ಒಂಬತ್ತನೇ ತರಗತಿ.

ಪ್ರಮಾಣವಚನ ಈಗ ವಿಜ್ಞಾನದ ಟೀಚರು ಬೋಧಿಸುತ್ತಾರೆ. ನನಗೆ ಕೊಟ್ಟಿರುವುದು ಗೇಟಿನ ಕೆಲಸ. ಕೇಳಿ ಪಡೆದದ್ದು. ಬೆಳಿಗ್ಗೆ ಗಾಡಿ ತರುವ ಮಕ್ಕಳನ್ನು ನಿಲ್ಲಿಸಿ ಕೀಲಿ ತೆಗೆದುಕೊಂಡು, ಮನೆಯವರು ಬಂದಾಗ ಅವರ ಕೈಗೆ ಕೊಡುವುದು. ಮೊದಲ ವಾರದಲ್ಲೇ ಹತ್ತನೇ ತರಗತಿಯ ಹುಡುಗ ಒಬ್ಬ, ಅಪ್ಪನ ಬೈಕಿನಲ್ಲಿ ಹಿಂದೆ ಇಬ್ಬರನ್ನು ಕೂರಿಸಿಕೊಂಡು ಬಂದವನು, ಕೀಲಿ ಕೊಡಲಿಲ್ಲ. "ನಿಮ್ಮ ಮಗಳೂ ಆಯಿಗಿ ಹೊಡದಿದ್ಳಲ್ರಿ ಸರ" ಎಂದ. ಹಿಂದಿನಿಬ್ಬರೂ ಇಳಿದು ದೂರ ನಿಂತರು.

"ಹೌದು. ನಾನ ಗಾಡಿ ಕೊಟ್ಟಿದ್ದೆ. ಕೀಲಿ ಕೊಡು" ಎಂದೆ.

ಕೊಟ್ಟ. ಸಂಜೆ ಅವನ ಅಪ್ಪ ಬಂದರು, ಹೊಲದಿಂದ ನೇರವಾಗಿ, ಕಾಲಿಗೆ ಕೆಸರು ಮೆತ್ತಿತ್ತು. "ಊರಿಗೆಲ್ಲ ಬುದ್ಧಿ ಹೇಳಾಕ ನೀವ ಸಿಕ್ರೇನು?" ಎಂದು ಗೇಟಿನಲ್ಲೇ ಜೋರು ಮಾಡಿದರು. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಆಯಿಯ ಕೈ ಇನ್ನೂ ನೆಟ್ಟಗಾಗಿಲ್ಲರಿ, ಹೋಗಿ ಒಂದ್ಸಲ ನೋಡಿ ಬರ್ರಿ, ಅಡುಗೆ ಕೋಣೆಯಲ್ಲೇ ಇದ್ದಾಳೆ ಎಂದಷ್ಟೇ ಹೇಳಿದೆ.

ಅವರು ಅಡುಗೆ ಕೋಣೆಯತ್ತ ನೋಡಲಿಲ್ಲ. ಕೀಲಿ ಕಸಿದುಕೊಂಡು ಬೈಕು ಚಾಲೂ ಮಾಡಿದರು, ಮಗನನ್ನು ಹಿಂದೆ ಕೂರಿಸಿಕೊಂಡರು. ಇಬ್ಬರ ತಲೆಯೂ ಬರಿದಾಗಿತ್ತು. ಬೈಕು ದೊಡ್ಡ ರಸ್ತೆಗೆ ಹತ್ತಿ ಸುರಪುರದ ಕಡೆ ತಿರುಗಿತು. ಅದು ಕಾಣುವಷ್ಟು ದೂರ ನಾನು ಗೇಟಿನಲ್ಲೇ ನಿಂತಿದ್ದೆ.